ನಮ್ಮದೇ ರಕ್ತ, ನಮ್ಮದೇ ಮೊಣಕಾಲಿಗೆ: ಪಿ.ಆರ್.ಪಿ. ಇಂಜೆಕ್ಷನ್ ಎಷ್ಟು ಮದ್ದು?

"ಮಂಗಳೂರಲ್ಲಿ ಈಗ ನಮ್ಮದೇ ರಕ್ತ ತೆಗೆದು ಗಂಟಿಗೆ ಚುಚ್ಚುತ್ತಾರಂತೆ, ಆಪರೇಶನ್ ಬೇಡವಂತೆ." ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಇಂಥ ಮಾತು ಬಂದಾಗ ಮುಂದಿನ ಪ್ರಶ್ನೆ ದುಡ್ಡಿನದು. ಇಟ್ಟ ಅಡಿಕೆ ಮಾರಿ ಚಿಕಿತ್ಸೆ ಮಾಡಿಸಬಹುದೇ? ಮಾಡಿಸಿದರೆ ಗುಣವಾಗುತ್ತದೆಯೇ?

ಕುಕ್ಕರಗಾಲಿನಲ್ಲಿ ಕೂತು ಅಡಿಕೆ ಹೆಕ್ಕಿದವರು, ಕಾಲು ಮಡಚಿ ಬೀಡಿ ಕಟ್ಟಿದವರು, ತಲೆಹೊರೆ ಹೊತ್ತು ಗುಡ್ಡ ಹತ್ತಿಳಿದವರು ಅರುವತ್ತು ದಾಟುವಾಗ ಮೊಣಕಾಲು ಹಿಡಿದುಕೊಳ್ಳುವುದು ನಮ್ಮಲ್ಲಿ ಹೊಸತಲ್ಲ. ಮಲೆಯಾಳದಲ್ಲಿ ‘ತೇಯ್ಮಾನಂ’ ಎನ್ನುವುದನ್ನೇ ನಾವು ಗಂಟು ಸವೆತ ಎನ್ನುತ್ತೇವೆ. ಎಲುಬಿನ ತುದಿಯಲ್ಲಿ ಮೆತ್ತೆಯಂತಿರುವ ಮೃದ್ವಸ್ಥಿ ತೆಳ್ಳಗಾಗುತ್ತದೆ, ಗಂಟಿನ ಒಳಪೊರೆ ಊದಿಕೊಳ್ಳುತ್ತದೆ, ಅಂಚಿನಲ್ಲಿ ಎಲುಬು ಮುಳ್ಳಿನಂತೆ ಬೆಳೆಯುತ್ತದೆ. ಈ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ. ಕೈಗೆ ಕತ್ತಿ ತಾಗಿದರೆ ವಾರದಲ್ಲಿ ಗಾಯ ಮಾಯುತ್ತದೆ, ಇದು ಹಾಗೆ ಮಾಯುವುದಿಲ್ಲ. ರಕ್ತ ತಲಪದ ಜಾಗಕ್ಕೆ ರಕ್ತದ ಗುಣವನ್ನು ನಾವೇ ತಲಪಿಸೋಣ ಎಂಬುದು ಪಿ.ಆರ್.ಪಿ.ಯ ಹಿಂದಿನ ಯೋಚನೆ.

ಪ್ಲೇಟ್‌ಲೆಟ್ ಎಂಬ ಹೆಸರು ಡೆಂಗ್ಯೂ ಜ್ವರ ಕಂಡ ಮನೆಗಳಿಗೆಲ್ಲ ಗೊತ್ತು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕಾದ ಈ ಕಣಗಳು ಗಾಯವಾದಲ್ಲಿ ರಕ್ತ ಹೆಪ್ಪುಗಟ್ಟಿಸುತ್ತವೆ, ಜೊತೆಗೆ ದುರಸ್ತಿಗೆ ನೆರವಾಗುವ ವಸ್ತುಗಳನ್ನೂ ಬಿಡುತ್ತವೆ. ವೈದ್ಯರು ತೋಳಿನಿಂದ ಸ್ವಲ್ಪ ರಕ್ತ ತೆಗೆದು ಯಂತ್ರದಲ್ಲಿ ಜೋರಾಗಿ ತಿರುಗಿಸುತ್ತಾರೆ. ಹಾಲಿನಿಂದ ಕೆನೆ ಬೇರ್ಪಡುವಂತೆ ಕೆಂಪು ಕಣಗಳು ತಳಕ್ಕಿಳಿದು, ಮೇಲೆ ಹಳದಿ ಬಣ್ಣದ ದ್ರವ ನಿಲ್ಲುತ್ತದೆ. ಅದರಲ್ಲಿ ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಹೀರಿ ಗಂಟಿನೊಳಗೆ ಚುಚ್ಚುತ್ತಾರೆ. ಅದೇ ದಿನ ಮನೆಗೆ ಬರಬಹುದು.

ಯೋಚನೆ ಚೆನ್ನಾಗಿದೆ. ಫಲ?

ಆಸ್ಟ್ರೇಲಿಯಾದ ಮೆಲ್ಬರ್ನ್ ಮತ್ತು ಸಿಡ್ನಿಯಲ್ಲಿ ಐವತ್ತು ದಾಟಿದ 288 ಮಂದಿಯ ಮೇಲೆ ನಡೆದ ಪರೀಕ್ಷೆಯ ವರದಿ 2021ರಲ್ಲಿ ಪ್ರಕಟವಾಯಿತು. ಎಲ್ಲರದೂ ಸಾಧಾರಣ ಹಂತದ ಸವೆತ. ಅರ್ಧದಷ್ಟು ಮಂದಿಗೆ ವಾರಕ್ಕೊಂದರಂತೆ ಮೂರು ಪಿ.ಆರ್.ಪಿ. ಇಂಜೆಕ್ಷನ್, ಉಳಿದವರಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್. ಯಾರಿಗೆ ಯಾವುದು ಎಂದು ರೋಗಿಗೂ ತಿಳಿದಿಲ್ಲ, ಚುಚ್ಚಿದವರಿಗೂ ತಿಳಿದಿಲ್ಲ. ಒಂದು ವರ್ಷದ ನಂತರ ಹತ್ತರ ಅಳತೆಯಲ್ಲಿ ಪಿ.ಆರ್.ಪಿ.ಯವರ ನೋವು 2.1ರಷ್ಟು ಇಳಿದಿತ್ತು, ಉಪ್ಪುನೀರಿನವರದು 1.8. ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ. ಮೃದ್ವಸ್ಥಿಯ ಸವೆತವೂ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ.

"ನನಗೆ ಗುಣವಾಗಿದೆ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಗಂಟುನೋವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಚಿಕಿತ್ಸೆ ಸಿಕ್ಕಿತೆಂಬ ನೆಮ್ಮದಿಯೂ ನೋವು ತಗ್ಗಿಸುತ್ತದೆ. ಕೆಲವು ಚಿಕ್ಕ ಅಧ್ಯಯನಗಳಲ್ಲಿ ಪಿ.ಆರ್.ಪಿ.ಗೆ ಒಳ್ಳೆಯ ಫಲ ಕಂಡದ್ದೂ ಉಂಟು. ತಯಾರಿಸುವ ಕ್ರಮ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆಯಾದ್ದರಿಂದ ಹೋಲಿಸುವುದು ಕಷ್ಟ. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ ಇದು ಬೇಡವೆಂದೇ ಹೇಳಿತು. ಎಲುಬು ಶಸ್ತ್ರವೈದ್ಯರ ಸಂಘ 2021ರಲ್ಲಿ ನೋವು ತಗ್ಗಬಹುದು, ಆದರೆ ಪುರಾವೆ ಸೀಮಿತ ಎಂದಿತು. ಹೀಗಾಗಿ ನಿಮ್ಮ ವೈದ್ಯರು ಇದನ್ನು ಸೂಚಿಸಿದರೆ ಮೋಸವೆಂದು ತಿಳಿಯಬೇಕಿಲ್ಲ. ಸವೆದದ್ದು ಮತ್ತೆ ಬೆಳೆಯುತ್ತದೆ ಎಂದು ಯಾರಾದರೂ ಖಾತ್ರಿ ಕೊಟ್ಟರೆ ಮಾತ್ರ ಎದ್ದು ಬನ್ನಿ.

ಒಪ್ಪುವ ಮೊದಲು ಒಟ್ಟು ಎಷ್ಟು ಇಂಜೆಕ್ಷನ್, ಎಲ್ಲ ಸೇರಿ ಎಷ್ಟು ಖರ್ಚು ಎಂದು ಕೇಳಿ. ಸವೆತ ಯಾವ ಹಂತದ್ದು ಎಂದೂ ಕೇಳಬೇಕು. ಎಲುಬಿಗೆ ಎಲುಬು ತಾಗುವಷ್ಟು ಸವೆದಿದ್ದರೆ ಇದರಿಂದ ಹೆಚ್ಚೇನೂ ನಿರೀಕ್ಷಿಸುವಂತಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಲೇಬೇಕು, ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಚುಚ್ಚಿದ ಮೇಲೆ ಎರಡು ಮೂರು ದಿನ ನೋವು, ಊತ ಇರುವುದು ಸಾಮಾನ್ಯ. ಜ್ವರ ಬಂದು ಗಂಟು ಕೆಂಪಾಗಿ ಬಿಸಿಯಾದರೆ ಸೋಂಕಿನ ಶಂಕೆ. ಅಂದೇ ಆಸ್ಪತ್ರೆಗೆ ಹೋಗಿ.

ಖರ್ಚಿಲ್ಲದ ಮದ್ದನ್ನು ನಮ್ಮವರು ನಂಬುವುದು ಕಡಿಮೆ. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಎತ್ತಿ ಐದು ಎಣಿಸುವವರೆಗೆ ಹಿಡಿದು ಇಳಿಸುವ ವ್ಯಾಯಾಮ ತೊಡೆಯ ಸ್ನಾಯುವನ್ನು ಬಲಪಡಿಸುತ್ತದೆ. ದಿನಾ ಮಾಡಿದರೆ ಕೆಲವು ವಾರಗಳಲ್ಲಿ ಮೆಟ್ಟಿಲು ಹತ್ತುವಾಗ ವ್ಯತ್ಯಾಸ ತಿಳಿಯಬಹುದು. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆ. ಅಡಿಕೆ ಹೆಕ್ಕಲು ಒಂದು ಗಿಡ್ಡ ಮಣೆ, ಪಾಯಿಖಾನೆಗೆ ಎತ್ತರದ ಕಮೋಡು ಇದ್ದರೂ ಎಷ್ಟೋ ಹಗುರ.

ಗಂಟು ಬದಲಾಯಿಸುವ ಹಂತಕ್ಕೇ ಬಂದಿದ್ದರೆ, ಕೇಂದ್ರ ಸರಕಾರ 2017ರ ಆಗಸ್ಟ್‌ನಿಂದ ಕೃತಕ ಗಂಟಿನ ಬೆಲೆಗೆ ಮಿತಿ ಹಾಕಿದ್ದು ನೆನಪಿರಲಿ. ಬಿಲ್ಲಿನಲ್ಲಿ ಗಂಟಿನ ಬೆಲೆಯನ್ನು ಬೇರೆಯಾಗಿ ತೋರಿಸಲು ಕೇಳಿ. ಕೇರಳದ ಆರೋಗ್ಯ ಕಾರ್ಡು ಹಿಡಿದು ತಲಪಾಡಿ ದಾಟುವವರು, ಆ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ತಿಳಿದುಕೊಂಡೇ ಹೊರಡಿ.