ಮೂಲವ್ಯಾಧಿ ಎಂಬ ಅವಸರದ ಹೆಸರು

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಉಮದಿ, ಸಂಖ, ಗುಡ್ಡಾಪುರದ ಕಡೆ ಮನೆಯ ಮಾತು ಕನ್ನಡ, ಕಚೇರಿಯದು ಮರಾಠಿ, ದವಾಖಾನೆಯ ಚೀಟಿ ಇಂಗ್ಲಿಷು. ಶೌಚದಲ್ಲಿ ರಕ್ತ ಕಂಡಾಗ ಮಾತ್ರ ಮೂರೂ ಒಂದಾಗುತ್ತವೆ: ಮೂಲವ್ಯಾಧಿ, ಮೂಳವ್ಯಾಧ, ಪೈಲ್ಸ್. ಬಹಳ ಸಲ ಅದು ನಿಜವೂ ಹೌದು. ಆದರೆ ಮೂವತ್ತೈದರ ಆಳಿಗೆ ಆ ಹೆಸರು ಒಮ್ಮೆ ಅಂಟಿತೆಂದರೆ ಮುಲಾಮು, ಪಥ್ಯ, ನಾಟಿ ಔಷಧದಲ್ಲೇ ವರ್ಷ ಉರುಳುತ್ತದೆ. ಒಳಗೆ ನೋಡಿದವರು ಯಾರೂ ಇರುವುದಿಲ್ಲ.

ಒಳಗೆ ನೋಡುವುದೇ ಕೊಲೊನೋಸ್ಕೋಪಿ. ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ನಳಿಕೆ ಗುದದ್ವಾರದಿಂದ ಹೊರಟು ಸುಮಾರು ಒಂದೂವರೆ ಮೀಟರಿನ ದೊಡ್ಡ ಕರುಳನ್ನು ನೋಡಿ ಬರುತ್ತದೆ. ಜತ್ತದವರು ಇದಕ್ಕೆ ಮಿರಜದ ಇಲ್ಲವೇ ವಿಜಯಪುರದ ಬಸ್ಸು ಹತ್ತುತ್ತಾರೆ. ವೈದ್ಯರು ಹುಡುಕುವುದು ಕ್ಯಾನ್ಸರ್ ಗೆಡ್ಡೆಯನ್ನು, ಜೊತೆಗೆ ಪಾಲಿಪ್ ಎಂಬ ಗಂಟನ್ನೂ. ಕೆಲವು ದ್ರಾಕ್ಷಿಯಂತೆ ತೊಟ್ಟಿನಿಂದ ಜೋತಿರುತ್ತವೆ, ಕೆಲವು ಗೋಡೆಗೆ ಚಪ್ಪಟೆಯಾಗಿ ಅಂಟಿರುತ್ತವೆ. ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ. ಆಗುವವಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವೂಲ್ಫ್ ಹೊಟ್ಟೆ ಕೊಯ್ಯದೆ, ನಳಿಕೆಯೊಳಗಿಂದ ತಂತಿಯ ಕುಣಿಕೆ ಹಾಕಿ ಇಂಥ ಗಂಟು ತೆಗೆದರು. ಅಂದಿನಿಂದ ಈ ಪರೀಕ್ಷೆ ರೋಗ ಬಾರದಂತೆ ತಡೆಯುವ ದಾರಿಯೂ ಆಯಿತು.

ಅರವತ್ತು ದಾಟಿದವರಲ್ಲಿ ಪಾಲಿಪ್ ಸಿಗುವುದು ಹೆಚ್ಚು. ಅವರಲ್ಲಿ ಬಲಬದಿಯ ಕರುಳಿನ ಗೆಡ್ಡೆಯೂ ಎಳೆಯರಿಗಿಂತ ಹೆಚ್ಚು. ಅಲ್ಲಿ ಕರುಳು ಅಗಲ, ಮಲ ತೆಳು, ಹಾಗಾಗಿ ಗೆಡ್ಡೆ ಬೇಗ ದಾರಿ ಕಟ್ಟುವುದಿಲ್ಲ. ಕಣ್ಣಿಗೆ ಕಾಣದಷ್ಟು ರಕ್ತ ಸೋರುತ್ತ ಅಜ್ಜನ ಮುಖ ಬಿಳಿಚುತ್ತದೆ, ನಾಲ್ಕು ಹೆಜ್ಜೆಗೆ ಏದುಸಿರು. ಮನೆಯವರು ‘ವಯಸ್ಸಾತು’ ಅನ್ನುತ್ತಾರೆ. ಎಳೆಯರಲ್ಲಿ ರೋಗ ಹೆಚ್ಚಾಗಿ ಎಡಬದಿ, ಗುದನಾಳದಲ್ಲಿ. ರಕ್ತ ಕಣ್ಣೆದುರೇ ಕಾಣುತ್ತದೆ, ಆದರೂ ಹೆಸರು ತಪ್ಪುತ್ತದೆ. ನನಗೆ ಈ ಎರಡನೆಯದೇ ಹೆಚ್ಚು ನೋವಿನ ಸಂಗತಿ.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ತಮ್ಮ ದೊಡ್ಡ ಕರುಳು, ಗುದನಾಳದ ಕ್ಯಾನ್ಸರ್ ರೋಗಿಗಳ ಲೆಕ್ಕ ತೆಗೆದಾಗ ಸರಾಸರಿ ವಯಸ್ಸು 47ರ ಆಸುಪಾಸಿತ್ತು. ನಮ್ಮದು ಎಳೆಯರೇ ಹೆಚ್ಚಿರುವ ದೇಶ, ಅದನ್ನೂ ನೆನಪಿಡಬೇಕು. ಅಮೆರಿಕದಲ್ಲಿ 2021ರಲ್ಲಿ ಈ ಕ್ಯಾನ್ಸರಿನ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು. ನಮ್ಮ ಸರಕಾರಿ ಕ್ಯಾನ್ಸರ್ ತಪಾಸಣೆ ನೋಡುವುದು ಬಾಯಿ, ಸ್ತನ, ಗರ್ಭಕೊರಳು ಮಾತ್ರ. ಹಾಗಾಗಿ ಇಲ್ಲಿ ಲಕ್ಷಣವೇ ಗಂಟೆ ಬಾರಿಸಬೇಕು: ನಿಲ್ಲದ ರಕ್ತ, ಬದಲಾದ ಶೌಚದ ರೂಢಿ, ಕಾರಣ ಸಿಗದ ರಕ್ತಹೀನತೆ. ಮನೆತನದ ಕಥೆ ಹೇಳುವಾಗ ಸೋದರಮಾವನನ್ನು ಬಿಡಬೇಡಿ; ಈ ಕ್ಯಾನ್ಸರಿಗೆ ದಾರಿ ಮಾಡುವ ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯ ದೋಷ ತಾಯಿಯ ಕಡೆಯಿಂದಲೂ ಬರುತ್ತದೆ, ಅಂಥವರಿಗೆ ಇಪ್ಪತ್ತು–ಇಪ್ಪತ್ತೈದರಿಂದಲೇ ಕೊಲೊನೋಸ್ಕೋಪಿ.

ಮೊದಲ ಪರೀಕ್ಷೆಗೆ ಕ್ಯಾಮೆರಾವೂ ಬೇಡ. ಕೈಗವಸು ತೊಟ್ಟ ವೈದ್ಯರ ಒಂದು ಬೆರಳಿಗೆ ಗುದನಾಳದ ಅನೇಕ ಗೆಡ್ಡೆ ಎಟಕುತ್ತವೆ. ನಾಚಿಕೆಯಿಂದ ರೋಗಿ ಒಲ್ಲೆ ಅನ್ನುತ್ತಾನೆ, ವೈದ್ಯರಿಗೆ ಅವಸರ. ಕೇಳಿ ಮಾಡಿಸಿಕೊಳ್ಳಿ. ಮುಂದೆ ಕೊಲೊನೋಸ್ಕೋಪಿ ಬರೆದುಕೊಟ್ಟರೆ ಭೇದಿಯ ಔಷಧ ಪೂರ್ತಿ ಕುಡಿಯಬೇಕು. ಜತ್ತದವರಿಗೆ ಇನ್ನೊಂದು ಕಷ್ಟ: ನಾಲ್ಕಾರು ದಿನ ಮೊದಲೇ ಹೊಲದ ದಾಳಿಂಬೆ ಬಿಡಬೇಕು, ಬೀಜ ಕ್ಯಾಮೆರಾಕ್ಕೆ ಅಡ್ಡ ಬರುತ್ತದೆ.