ಡಾಲರ್ ಖಾತೆಯ ಹೆಚ್ಚುವರಿ ಹಣ: ಬಡ್ಡಿಯೋ, ದರದ ಲಾಭವೋ?

ಕಳೆದ ವರ್ಷ ನಮ್ಮ ಹಾಳೆ ತಟ್ಟೆ ಗುಂಪಿನ ಲೆಕ್ಕ ಓದುವ ದಿನ ನಾನು ಬೆವತು ಹೋಗಿದ್ದೆ. ಎಂಟು ಮನೆಯವರು ಸೇರಿ ಮಾಡಿಕೊಂಡ ಪಾಲುದಾರಿಕೆ ನಮ್ಮದು. ತಟ್ಟೆ ಹೊರದೇಶಕ್ಕೆ ಹೋಗುತ್ತೆ, ದುಡ್ಡು ಡಾಲರಲ್ಲಿ ಬರುತ್ತೆ, ಲೆಕ್ಕ ಬರೆಯೋದು ನಾನು. 'ಡಾಲರ್ ಖಾತೆಯ ಬಡ್ಡಿ: ₹2,600' ಅಂತ ಓದಿದೆ. ಗುಂಪಿನ ಹಿರಿಯರೊಬ್ಬರು ಬ್ಯಾಂಕ್ ಸ್ಟೇಟ್‌ಮೆಂಟ್ ತಿರುವಿ ಹಾಕಿ, "ತಮ್ಮಾ, ಇದರಲ್ಲಿ ಬಡ್ಡಿ ಅನ್ನೋ ಸಾಲೇ ಇಲ್ಲ. ನಿನ್ನ ಪುಸ್ತಕಕ್ಕೆ ಎಲ್ಲಿಂದ ಬಂತು?" ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ. ದುಡ್ಡು ಸರಿಯಾಗೇ ಇತ್ತು, ಹೆಸರು ತಪ್ಪಾಗಿತ್ತು. ಆದರೆ ಊರಲ್ಲಿ ಒಮ್ಮೆ ಅನುಮಾನ ಹುಟ್ಟಿದರೆ ದುಡ್ಡು ಸರಿ ಇದ್ದೂ ಪ್ರಯೋಜನ ಇಲ್ಲ.

ನನ್ನ ತಪ್ಪು ನಿಮಗೆ ಆಗಬಾರದು ಅಂತ ಈ ಲೇಖನ.

ಇಇಎಫ್‌ಸಿ ಖಾತೆಗೆ ಬಡ್ಡಿ ಇಲ್ಲ

ರಫ್ತು ಮಾಡುವವರು ನಮ್ಮ ಬ್ಯಾಂಕುಗಳಲ್ಲಿ ವಿದೇಶಿ ಹಣವನ್ನು ಹಾಗೇ ಇಟ್ಟುಕೊಳ್ಳುವ ಖಾತೆಗೆ ಇಇಎಫ್‌ಸಿ ಅಂತಾರೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇದು ಚಾಲ್ತಿ ಖಾತೆ, ಬಡ್ಡಿ ಕೊಡುವ ಹಾಗಿಲ್ಲ. ಬೇಕಾದಷ್ಟು ದಿನ ಇಡೋ ಹಾಗೂ ಇಲ್ಲ. ಒಂದು ತಿಂಗಳಲ್ಲಿ ಬಂದ ಹಣದಲ್ಲಿ ಒಪ್ಪಿತ ಖರ್ಚಿಗೆ ಬೇಕಾದ್ದು ಬಿಟ್ಟು ಉಳಿದದ್ದನ್ನು ಮುಂದಿನ ತಿಂಗಳ ಕೊನೆಯೊಳಗೆ ರೂಪಾಯಿ ಮಾಡಲೇಬೇಕು. ನವೆಂಬರಲ್ಲಿ ಬಂದ ಡಾಲರಿಗೆ ಡಿಸೆಂಬರ್ 31 ಕೊನೆ ದಿನ.

ಹಾಗಾದರೆ ಹೆಚ್ಚಿಗೆ ಬಂದ ₹2,600 ಏನು? ನಮ್ಮ ಭಾಷೆಯಲ್ಲೇ ಹೇಳ್ತೀನಿ. ಮಂಡಿಯಲ್ಲಿ ಇಟ್ಟ ಅಡಿಕೆಗೆ ಎರಡು ತಿಂಗಳಲ್ಲಿ ರೇಟು ಏರಿದರೆ ಅದನ್ನು ಬಡ್ಡಿ ಅಂತೀವಾ? ಇಲ್ಲ, ಧಾರಣೆ ಏರಿತು ಅಂತೀವಿ. ಡಾಲರಿಗೂ ಅಷ್ಟೇ. ಇದು ವಿನಿಮಯ ದರದ ಲಾಭ. ಅಡಿಕೆ ರೇಟಿನ ಹಾಗೆ ಇಳಿದರೆ ನಷ್ಟವೂ ಆಗುತ್ತೆ. ಬಡ್ಡಿ ಹಾಗಲ್ಲ.

ಒಂದು ಉದಾಹರಣೆ

ಲೆಕ್ಕ ಸುಲಭ ಆಗಲಿ ಅಂತ ದರಗಳನ್ನು ನಾನೇ ಹಾಕಿದ್ದೀನಿ. ಬಿಲ್ಲು 2,000 ಡಾಲರಿನದು.

- ಅಕ್ಟೋಬರ್ 10, ಬಿಲ್ಲು ಮಾಡಿದ ದಿನ: ದರ ₹85.50. ಮಾರಾಟ ₹1,71,000.
- ನವೆಂಬರ್ 5, ಹಣ ಖಾತೆಗೆ ಬಂದ ದಿನ: ದರ ₹86. ಮೌಲ್ಯ ₹1,72,000. ದರದ ಲಾಭ ₹1,000.
- ಡಿಸೆಂಬರ್ 29, ರೂಪಾಯಿ ಮಾಡಿದ ದಿನ: ದರ ₹86.80. ಕೈಗೆ ₹1,73,600. ದರದ ಲಾಭ ₹1,600.

ಒಟ್ಟು ₹2,600. ಇದು 'ವಿನಿಮಯ ಲಾಭ/ನಷ್ಟ' ಅನ್ನೋ ಬೇರೆ ತಲೆಬರಹಕ್ಕೆ ಹೋಗಬೇಕು. ಬ್ಯಾಂಕ್ ಮುರಿದುಕೊಂಡ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿಯನ್ನು ಲಾಭದಲ್ಲೇ ಕಳೆದು ಬರೀಬೇಡಿ, ಅದನ್ನು ಖರ್ಚು ಅಂತ ಪ್ರತ್ಯೇಕ ತೋರಿಸಿ. ಮಾರ್ಚ್ 31ಕ್ಕೆ ಖಾತೆಯಲ್ಲಿ ಡಾಲರ್ ಉಳಿದಿದ್ದರೆ ಆ ದಿನದ ದರಕ್ಕೆ ಲೆಕ್ಕ ಹಾಕಿ ವ್ಯತ್ಯಾಸ ಬರೆಯಿರಿ.

ನಿಜವಾದ ಬಡ್ಡಿ ಎಲ್ಲಿ ಬರುತ್ತೆ?

ಒಂದು, ರೂಪಾಯಿ ಮಾಡಿದ ಮೇಲೆ ಎಫ್‌ಡಿ ಇಟ್ಟಾಗ. ಜನವರಿ 1ಕ್ಕೆ ₹1,50,000ವನ್ನು ಶೇ. 6ಕ್ಕೆ ಆರು ತಿಂಗಳು ಇಟ್ಟಿರಿ ಅನ್ನಿ. ಬಡ್ಡಿ ಕೈಗೆ ಬರೋದು ಜುಲೈಯಲ್ಲಿ. ಆದರೆ ಮಾರ್ಚ್ 31ರವರೆಗಿನ 90 ದಿನದ ಬಡ್ಡಿ, ಸುಮಾರು ₹2,219, ಈ ವರ್ಷದ ಆದಾಯ. 'ಬರಬೇಕಾದ ಬಡ್ಡಿ' ಅಂತ ಈಗಲೇ ಬರೆಯಬೇಕು. ನಾನು ಇದನ್ನು ಬಿಟ್ಟೇ ಬಿಟ್ಟಿದ್ದೆ! ಇಲ್ಲದ ಬಡ್ಡಿ ಬರೆದು, ಇದ್ದ ಬಡ್ಡಿ ಮರೆತಿದ್ದೆ.

ಎರಡು, ಹೊರದೇಶದಲ್ಲೋ ಗಿಫ್ಟ್ ಸಿಟಿಯ ಬ್ಯಾಂಕ್ ಶಾಖೆಯಲ್ಲೋ ಬಡ್ಡಿ ಬರುವ ವಿದೇಶಿ ಹಣದ ಖಾತೆ ಇದ್ದಾಗ. ರಫ್ತುದಾರರು ಹೊರದೇಶದ ಬ್ಯಾಂಕಲ್ಲಿ ಖಾತೆ ತೆರೆಯಲು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಅವಕಾಶ ಕೊಟ್ಟಿದೆ. ಅಲ್ಲಿ 10 ಡಾಲರ್ ಬಡ್ಡಿ ಬಂದು, 1 ಡಾಲರ್ ತೆರಿಗೆ ಮುರಿದು 9 ಡಾಲರ್ ಜಮಾ ಆಗಿದ್ದರೆ, 9 ಅಂತ ಬರೀಬೇಡಿ. ಬಡ್ಡಿ 10, ತೆರಿಗೆ 1 ಅಂತ ಎರಡು ಸಾಲು ಬರೆದು, ಆ ದಿನದ ದರದಲ್ಲಿ ರೂಪಾಯಿ ತೋರಿಸಿ. ಆಮೇಲೆ ಆ ಡಾಲರಿನ ದರ ಏರಿದರೆ ಅದು ಮತ್ತೆ ವಿನಿಮಯ ಲಾಭ, ಬಡ್ಡಿ ಅಲ್ಲ.

ತೆರಿಗೆಯ ವಿಚಾರ

"ನಾವು ರೈತರು, ತೆರಿಗೆ ಇಲ್ಲ" ಅಂತ ಕೂರಬೇಡಿ. ಕೃಷಿ ಆದಾಯಕ್ಕೆ ಇರುವ ವಿನಾಯಿತಿ ಬ್ಯಾಂಕ್ ಬಡ್ಡಿಗೆ ಇಲ್ಲ. ಎಫ್‌ಡಿ ಬಡ್ಡಿಯಲ್ಲಿ ಬ್ಯಾಂಕ್ ಟಿಡಿಎಸ್ ಮುರಿದಿದ್ದರೆ ಪೂರ್ತಿ ಬಡ್ಡಿಯನ್ನೇ ಆದಾಯಕ್ಕೆ ಬರೆದು, ಟಿಡಿಎಸ್ಸನ್ನು ಕಟ್ಟಿದ ತೆರಿಗೆ ಅಂತ ತೋರಿಸಿ. ಆದಾಯ ತೆರಿಗೆ ಪೋರ್ಟಲಿನ ಎಐಎಸ್ ತೆಗೆದು ನಿಮ್ಮ ಪುಸ್ತಕದ ಜೊತೆ ತಾಳೆ ನೋಡಿ. ವಿದೇಶಿ ಬಡ್ಡಿಯನ್ನು ತೆರಿಗೆಗೆ ಯಾವ ದಿನದ ದರದಲ್ಲಿ ತೋರಿಸಬೇಕು ಅನ್ನೋದಕ್ಕೆ ಬೇರೆ ನಿಯಮ ಇದೆ, ಅದನ್ನು ನಿಮ್ಮ ಆಡಿಟರ್ ಹತ್ರ ಕೇಳಿಯೇ ಮಾಡಿ.

ಮೊಬೈಲಲ್ಲೇ ಪುಸ್ತಕ

ನಾನೀಗ ಮೊಬೈಲಲ್ಲಿ ಒಂದೇ ಶೀಟ್ ಇಟ್ಟಿದ್ದೀನಿ. ಆರು ಕಾಲಂ: ತಾರೀಖು, ವಿವರ, ಡಾಲರ್, ಆ ದಿನದ ದರ, ರೂಪಾಯಿ, ಯಾವ ತಲೆಬರಹ. ತಲೆಬರಹ ಐದೇ: ಮಾರಾಟ, ವಿನಿಮಯ ಲಾಭ/ನಷ್ಟ, ಬಡ್ಡಿ, ಬ್ಯಾಂಕ್ ಖರ್ಚು, ತೆರಿಗೆ. ಹಣ ಬಂದಾಗಲೂ ರೂಪಾಯಿ ಮಾಡಿದಾಗಲೂ ಬ್ಯಾಂಕ್ ಕೊಡುವ ಸಲಹಾ ಪತ್ರದ ಫೋಟೋ ತೆಗೆದು, ತಾರೀಖಿನ ಹೆಸರಲ್ಲಿ ಉಳಿಸಿಡ್ತೀನಿ. ಮೊದಲು ಹೊಳೆಬಾಗಿಲಲ್ಲಿ ಲಾಂಚ್ ಕಾದು ಸಾಗರಕ್ಕೆ ಹೋಗಿ ಬರೋದರಲ್ಲಿ ದಿನ ಮುಗೀತಿತ್ತು, 'ಪತ್ರ ಆಮೇಲೆ ತಂದರಾಯ್ತು' ಅಂತ ಬಿಡ್ತಿದ್ದೆ. 2025ರ ಜುಲೈಯಲ್ಲಿ ಸೇತುವೆ ಆದಮೇಲೆ ಆ ನೆಪವೂ ಇಲ್ಲ.

ಈ ವರ್ಷ ಲೆಕ್ಕ ಓದುವಾಗ ಅದೇ ಹಿರಿಯರು ಸ್ಟೇಟ್‌ಮೆಂಟ್ ಹಿಡಿದು ಕೂತಿದ್ದರು. ಸಾಲು ಸಾಲಿಗೂ ಫೋಟೋ ತೋರಿಸಿದೆ. ಕೊನೆಗೆ ಕನ್ನಡಕ ತೆಗೆದು, "ಸರಿ, ಮುಂದಿನದು ಓದು ತಮ್ಮಾ" ಅಂದರು. ನನಗೆ ಅಷ್ಟು ಸಾಕಾಗಿತ್ತು.