ಮಳೆಗಾಗಿ ಮಣ್ಣೊಳಗೆ ಕಾಯುವ ಕಪ್ಪೆ

ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಹೊಲಗಳು ಮೇ ಹೊತ್ತಿಗೆ ಕಾದು ಬಿರಿದಿರುತ್ತವೆ. ಹಳ್ಳಗಳು ಬತ್ತಿರುತ್ತವೆ. ಆದರೂ ಮುಂಗಾರಿನ ದೊಡ್ಡ ಮಳೆ ಬಿದ್ದ ರಾತ್ರಿಯೇ ತಗ್ಗುಗಳಲ್ಲಿ ಕಪ್ಪೆಗಳ ಕೂಗು ಏಳುತ್ತದೆ. ಅವುಗಳಲ್ಲಿ ಕೆಲವು ತಿಂಗಳುಗಟ್ಟಲೆ ನಮ್ಮ ಕಾಲಡಿಯಲ್ಲೇ ಇದ್ದವು.

ಅಂಥವುಗಳಲ್ಲಿ ಒಂದು, ಸ್ಫೆರೊಥೀಕಾ ಕುಲದ ಬಿಲಗಪ್ಪೆ. ದುಂಡು ಮೈ, ಗಿಡ್ಡ ಕಾಲು, ಮೊಂಡು ಮೂತಿ. ಉದ್ದ ಸುಮಾರು 5 ಸೆಂಟಿಮೀಟರ್. ಹಿಂಗಾಲಿನ ಪಾದದಲ್ಲಿ ಸಲಿಕೆಯ ಅಲಗಿನಂಥ ಗಟ್ಟಿ ಗಂಟೊಂದಿದೆ. ಅದರಿಂದ ಮಣ್ಣನ್ನು ಪಕ್ಕಕ್ಕೆ ತಳ್ಳುತ್ತ ಕಪ್ಪೆ ಹಿಮ್ಮುಖವಾಗಿ ಕೆಳಗಿಳಿಯುತ್ತದೆ. ಹಾಗಾಗಿ ಅದಕ್ಕೆ ಸಡಿಲ ಮಣ್ಣೇ ಬೇಕು.

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರಿಕೊಳ್ಳುತ್ತದೆ. ನೆಲದೊಳಗಿನ ತೇವ ಇದಕ್ಕೆ ಆಸರೆ. ಮೂತ್ರಕೋಶದಲ್ಲಿ ಕೂಡಿಟ್ಟ ನೀರೂ, ಮೈಯಲ್ಲಿ ಉಳಿಸಿಕೊಂಡ ಕೊಬ್ಬೂ ಬರಗಾಲದ ಬುತ್ತಿ. ಚಲನೆ ನಿಂತು, ದೇಹದ ಖರ್ಚೂ ತಗ್ಗುತ್ತದೆ.

ಹೊರಬಂದ ಮೇಲೆ ಮಾತ್ರ ಎಲ್ಲವೂ ಅವಸರ. ಮಳೆನೀರಿನ ಗುಂಡಿ ಆರುವುದರೊಳಗೆ ಮೊಟ್ಟೆ ಒಡೆದು, ಗೊದಮೊಟ್ಟೆಗೆ ಕಾಲು ಮೂಡಿ, ಮರಿ ದಡ ಸೇರಬೇಕು. ಅದೇ ಗುಂಡಿಯಲ್ಲಿ ದೊಡ್ಡ ಗದ್ದೆಗಪ್ಪೆಯ ಗೊದಮೊಟ್ಟೆಗಳೂ ಇರುತ್ತವೆ. ಅವು ಬಿಲಗಪ್ಪೆಯ ಗೊದಮೊಟ್ಟೆಗಳನ್ನು ತಿನ್ನುತ್ತವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ ಮತ್ತು ಸಹೋದ್ಯೋಗಿಗಳು ಈ ಬೇಟೆಯನ್ನು ಅಭ್ಯಸಿಸಿದರು. ಬೇಟೆಗಾರ ಗೊದಮೊಟ್ಟೆ ಕಣ್ಣನ್ನು ನಂಬುತ್ತದೆ. ಬಿಲಗಪ್ಪೆಯ ಗೊದಮೊಟ್ಟೆಯೋ ನೀರಿನಲ್ಲಿ ಬೆರೆತ ರಾಸಾಯನಿಕಗಳಿಂದಲೇ ವೈರಿಯ ಸುಳಿವು ಹಿಡಿಯುತ್ತದೆ.

ದೂರದ ಬ್ರೆಜಿಲ್‌ನ ಒಣನಾಡು ಕಾಟಿಂಗಾದಲ್ಲೂ ಪ್ಲ್ಯೂರೊಡೆಮಾ ಎಂಬ ಪುಟ್ಟ ಕಪ್ಪೆಯೊಂದು ಬತ್ತಿದ ಹೊಳೆಯ ಮರಳಿನಲ್ಲಿ ಇಳಿದು, ತೇವವನ್ನು ಹಿಂಬಾಲಿಸುತ್ತ ಒಣಗಾಲ ಕಳೆಯುತ್ತದೆ. ಎರಡೂ ಬೇರೆ ಬೇರೆ ಕುಟುಂಬದವು. ಬರ ಒಂದೇ ಆದಾಗ ಬದುಕುವ ದಾರಿಯೂ ಒಂದೇ ಆಯಿತು.

ಬಿಲಗಪ್ಪೆಗಳ ಪಟ್ಟಿ ಇನ್ನೂ ಮುಗಿದಿಲ್ಲ. 2020ರಲ್ಲಿ ಬೆಂಗಳೂರಿನ ಹೊರವಲಯದ ಬರಡು ನೆಲದಲ್ಲೇ ಸ್ಫೆರೊಥೀಕಾ ಬೆಂಗಳೂರು ಎಂಬ ಹೊಸ ಪ್ರಭೇದ ಪತ್ತೆಯಾಯಿತು. ಮಲೆನಾಡಿನ ಸೆರಗಾದ ಕಿತ್ತೂರಿನಿಂದ ಮಳೆ ಕಡಿಮೆಯಾದ ರಾಮದುರ್ಗದವರೆಗೆ ನೆಲ, ಮಳೆ ಎರಡೂ ಬದಲಾಗುವ ನಮ್ಮ ಸೀಮೆಯ ಕಪ್ಪೆಗಳನ್ನೂ ಹೀಗೆಯೇ ಕೂಲಂಕಷವಾಗಿ ಗಮನಿಸಬೇಕು.

ಕಪ್ಪೆ ಹುಳುಹುಪ್ಪಟೆ ತಿಂದು ಹೊಲ ಕಾಯುತ್ತದೆ. ಅದಕ್ಕೆ ಬೇಕಾದದ್ದು ಉಳುಮೆ ತಾಕದ ಬದು ಮತ್ತು ಕೆಲವು ವಾರ ನೀರು ನಿಲ್ಲುವ ತಗ್ಗು. ಊರ ಪಕ್ಕದ ತಗ್ಗನ್ನು ಮಣ್ಣು ಹಾಕಿ ಮುಚ್ಚುವ ಮುನ್ನ, ಆ ನೀರಿನಲ್ಲಿ ಕೀಟನಾಶಕದ ಡಬ್ಬಿ ತೊಳೆಯುವ ಮುನ್ನ, ಅಲ್ಲಿ ಒಂದು ತಲೆಮಾರು ಬೆಳೆಯುತ್ತಿದೆ ಎಂಬುದನ್ನು ನೆನಪಿಡೋಣ.